ಮೈಸೂರಿಗೆ ಒಲಿದ ಮೆಟ್ನರ್

ಪರನಾಡಿನ ಸಂಗೀತಕ್ಕೆ ಮರುಳಾದವರಲ್ಲಿ ಎರಡು ಪಂಗಡ. ಮೊದಲ ಪಂಗಡದವರು ಬೀಥೋವನ್, ಮೊಜಾರ್ಟ್ ಎಂದು ಎಲ್ಲರೂ ತಲೆದೂಗುವ ಹೆಸರು ಹೇಳಿ ಸುಮ್ಮನಾಗುತ್ತಾರೆ. ಎರಡನೆಯವರು ಆ ನಾಡಿನವರೇ ಕೈಬಿಟ್ಟವನನ್ನು ಹುಡುಕಿ ತೆಗೆದು, ‘ಇವನನ್ನು ಕೇಳಿದ್ದೀರಾ?’ ಎಂದು ಕಂಡವರನ್ನೆಲ್ಲ ಕಾಡುತ್ತಾರೆ. ಮೈಸೂರಿನ ಜಯಚಾಮರಾಜ ಒಡೆಯರು ಎರಡನೆಯ ಪಂಗಡದವರು. ಕಾಡುವುದಕ್ಕೆ ಅವರ ಬಳಿ ಬೊಕ್ಕಸವೂ ಇತ್ತು.

ಪಿಯಾನೊದಲ್ಲಿ ಅವರದು ಶೋಕಿಯ ಕೈಯಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಪದವಿ ಕೊಟ್ಟಿತು. ಕಛೇರಿ ಕೊಡುವ ಪಿಯಾನೊ ವಾದಕರಾಗುವ ಆಸೆಯೂ ಇತ್ತು. ಆದರೆ 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರು ತೀರಿಕೊಂಡರು. ಪಿಯಾನೊದ ಸ್ಟೂಲಿನ ಬದಲು ಸಿಂಹಾಸನ ಸಿಕ್ಕಿತು.

ಅವರ ಮನಸ್ಸು ಕದ್ದವನು ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ದೇಶ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದವನು. ಆಸಾಮಿ ಮಹಾ ಹಟಮಾರಿ. ಹೊಸ ಫ್ಯಾಷನ್ನಿನ ಸಂಗೀತವನ್ನು ಝಾಡಿಸುವುದಕ್ಕೆಂದೇ 1935ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದ. ಹೊಸಬರು ಅವನ ಗೋಜಿಗೆ ಹೋಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಕಾಸೂ ನಿಂತಿತು.

ಆಗ ಚಾಮುಂಡಿ ಬೆಟ್ಟದ ಕಡೆಯಿಂದ ಹಣ ಬಂತು! ಮಹಾರಾಜರ ನೆರವಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿ ಧ್ವನಿಮುದ್ರಣಕ್ಕೆ ಅಣಿಯಾಯಿತು. 1947ರಲ್ಲಿ, ಹೃದಯ ಕೈಕೊಡುತ್ತಿದ್ದ 67ರ ವಯಸ್ಸಿನಲ್ಲಿ, ಮೆಟ್ನರ್ ತನ್ನ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಾನೇ ನುಡಿಸಿದ. ಮೂರನೆಯದನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ರಷ್ಯನ್ನನ ಕೃತಿಯನ್ನು ಇಂಗ್ಲಿಷರಿಗೆ ಕೇಳಿಸಲು ಕನ್ನಡದ ದೊರೆ ಖರ್ಚು ಕೊಟ್ಟದ್ದು, ಮದುವೆಯ ಮನೆಯವರು ಮಲಗಿರುವಾಗ ನೆಂಟರೇ ಎದ್ದು ಚಪ್ಪರ ಹಾಕಿದ ಹಾಗಿತ್ತು.

ಹೀಗೆಂದು ಅರಮನೆಯಲ್ಲಿ ವೀಣೆ ಮೂಲೆ ಸೇರಲಿಲ್ಲ. ಇದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಅವು ಅಪ್ಪಟ ಕರ್ನಾಟಕ ಸಂಗೀತ. ಮಾಸ್ಕೋದ ಚಳಿ ಅವುಗಳಿಗೆ ತಾಗಿಲ್ಲ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡು’ಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್, ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜರು. ಮಹಾರಾಜರಿಗೆ ಮಾತ್ರ ಹೋಗಲಾಗಲಿಲ್ಲ. ಅದಕ್ಕೇ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. ಇದಕ್ಕೆ ಯಾವ ಕಪಾಟಿನಲ್ಲಿ ಜಾಗ ಮಾಡಿದರೋ!