ಕೀಲಿ ಮೇಷ್ಟ್ರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಇವರು ಸಿಗುತ್ತಾರೆ. ವಯಸ್ಸು ನಲವತ್ತೈದರ ಆಸುಪಾಸು, ಕೊರಳಲ್ಲಿ ಬಣ್ಣ ಮಾಸಿದ ಐಡಿ ಕಾರ್ಡಿನ ದಾರ, ಕೈಯಲ್ಲಿ ಮನೆಯಿಂದ ತಂದ ಸ್ಟೀಲ್ ಲೋಟ. ಕಾರ್ಡಿನ ಮೇಲೆ ‘ಪ್ರಿನ್ಸಿಪಲ್ ಎಂಜಿನಿಯರ್’ ಎಂದಿದ್ದರೂ ಮಹಡಿಯವರೆಲ್ಲ ಬೆನ್ನ ಹಿಂದೆ ಕರೆಯುವುದು ಕೀಲಿ ಮೇಷ್ಟ್ರು ಅಂತ. ಅವರ ದಿನನಿತ್ಯದ ಕೆಲಸ ಏನೆಂಬುದು ಮ್ಯಾನೇಜರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಗಿಟ್‌ಹಬ್‌ನಿಂದ ಕೋಡ್ ಇಳಿಸಿಕೊಳ್ಳಲು ಹೋದವರ ಸ್ಕ್ರೀನಿನಲ್ಲಿ ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಎಂದು ಬಿತ್ತೋ, ಮ್ಯಾನೇಜರೂ ಸೇರಿ ಎಲ್ಲರ ಕತ್ತು ಕಿಟಕಿ ಪಕ್ಕದ ಆ ಕುರ್ಚಿಯ ಕಡೆಗೇ ತಿರುಗುತ್ತದೆ.

ಮೇಷ್ಟ್ರು ಎದ್ದು ಬರುತ್ತಾರೆ. ಕೀಬೋರ್ಡ್ ಮಾತ್ರ ಮುಟ್ಟುವುದಿಲ್ಲ.

ಸಂಕಲ್ಪ ಹೇಳಿಕೊಡುವ ಪುರೋಹಿತರ ಹಾಗೆ ಹಿಂದೆ ನಿಂತು ಒಂದೊಂದೇ ಪದ ಬಿಡಿಸಿ ಹೇಳುತ್ತಾರೆ. ಕೂತವರು ಹಾಗೇ ಒತ್ತುತ್ತ ಹೋಗಬೇಕು. ಆ ಸೋಮವಾರ, ಹೊಸದಾಗಿ ಸೇರಿದ ಹಾಸನದ ಹುಡುಗಿಯ ಸರದಿ.

“ಎಸ್ಸೆಸ್ಸೆಚ್ ಹೈಫನ್ ಕೀಜೆನ್. ಸ್ಪೇಸ್ ಬಿಡಮ್ಮ. ಹೈಫನ್ ಟಿ. ಮತ್ತೆ ಸ್ಪೇಸ್. ಇಡಿ 25519.”

“ಕಾಲೇಜಲ್ಲಿ ಆರ್‌ಎಸ್‌ಎ ಅಂತ ಹೇಳ್ಕೊಟ್ಟಿದ್ರು ಸರ್.”

“ಅದು ಅಜ್ಜಿ ಟ್ರಂಕಿನ ಬೀಗ. 4096 ಬಿಟ್ಟಿಂದು ಮಾಡಿದ್ರೆ ಪಬ್ಲಿಕ್ ಕೀನೇ 700ಕ್ಕಿಂತ ಹೆಚ್ಚು ಅಕ್ಷರ ಆಗುತ್ತೆ. ಇದು 68 ಅಕ್ಷರ. ಒಂದು ಸಾಲಲ್ಲಿ ಮುಗೀತು.”

ಯಂತ್ರ ಪಾಸ್‌ಫ್ರೇಸ್ ಕೇಳಿತು. ಹುಡುಗಿ ಒಂದಿಷ್ಟು ಒತ್ತಿದಳು, ನಿಲ್ಲಿಸಿದಳು, ಮತ್ತೆ ಜೋರಾಗಿ ಒತ್ತಿದಳು. “ಸರ್, ಏನೂ ಬೀಳ್ತಾನೇ ಇಲ್ಲ. ಒಂದು ಚುಕ್ಕೀನೂ ಇಲ್ಲ.”

“ಬೀಳಲ್ಲಮ್ಮ. ಅದು ಗುಪ್ತದಾನ.”

ಆಮೇಲೆ ಸ್ಕ್ರೀನಿನಲ್ಲಿ ಒಂದು ಚೌಕಟ್ಟು ಮೂಡಿತು. ಒಳಗೆ ಚುಕ್ಕಿ, ಪ್ಲಸ್ಸು, ನಕ್ಷತ್ರ. ಮೇಷ್ಟ್ರ ಮುಖ ಅರಳುವುದು ಇಲ್ಲೇ. “ಇದು ನಿನ್ನ ಕೀಯ ರಂಗೋಲಿ. ಬೇರೆ ಕೀಗೆ ಬೇರೆ ರಂಗೋಲಿ. ಉದ್ದನೆ ಅಕ್ಷರದ ಸಾಲು ಯಾರಿಗೆ ನೆನಪಿರುತ್ತೆ? ಚಿತ್ರ ಬದಲಾದ್ರೆ ಕಣ್ಣಿಗೆ ತಟ್ ಅಂತ ಗೊತ್ತಾಗುತ್ತೆ.”

ಫೋಲ್ಡರಿನಲ್ಲಿ ಎರಡು ಫೈಲು. ಒಂದರ ಬಾಲಕ್ಕೆ ‘ಡಾಟ್ ಪಬ್’, ಇನ್ನೊಂದಕ್ಕೆ ಬಾಲವಿಲ್ಲ. ಹುಡುಗಿ ಬಾಲವಿಲ್ಲದ್ದನ್ನು ತೆರೆದು ಕಾಪಿ ಮಾಡಲು ಹೊರಟಳು.

“ಅಯ್ಯೋ!”

ಕ್ಯಾಂಟೀನಿನವರೂ ತಿರುಗಿ ನೋಡಿದರು. ಮೇಷ್ಟ್ರು ಲೋಟ ಕೆಳಗಿಟ್ಟರು. ಕೆಲಸದ ನಡುವೆ ಅವರು ಲೋಟ ಕೆಳಗಿಡುವುದು ಎಂದರೆ ಸಾಮಾನ್ಯ ಸಂಗತಿಯಲ್ಲ. “ಡಾಟ್ ಪಬ್ ಅನ್ನೋದು ಬೀಗ. ಅದನ್ನ ಊರಿಗೆಲ್ಲ ಹಂಚು, ಗೋಡೆಗೆ ಅಂಟಿಸು, ಚಿಂತೆಯಿಲ್ಲ. ಇದು ಕೀಲಿಕೈ. ಇದನ್ನ ಸರ್ವರ್‌ಗೂ ಕಳಿಸಲ್ಲ. ಇದರಿಂದ ಸಹಿ ಮಾತ್ರ ಹಾಕ್ತೀವಿ, ಆ ಸಹಿ ಹೋಗುತ್ತೆ. ಕೀ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು.”

ಮೇಷ್ಟ್ರ ಸಿಟ್ಟಿಗೆ ಇನ್ನೊಂದು ಗುರಿ, ಹಳೆಯ ಕೀಯನ್ನು ಪೆನ್‌ಡ್ರೈವಿನಲ್ಲಿ ಹೊಸ ಲ್ಯಾಪ್‌ಟಾಪಿಗೆ ಸಾಗಿಸುವವರು. ಹಾಗೆ ತಂದ ಫೈಲಿನ ಪರ್ಮಿಷನ್ ಎಷ್ಟೋ ಸಲ ಎಲ್ಲರಿಗೂ ತೆರೆದುಕೊಂಡಿರುತ್ತದೆ. ದೂರದ ಸರ್ವರ್‌ಗೆ ಗುಟ್ಟಾಗಿ ಸಂಪರ್ಕ ಕೊಡುವ ಪ್ರೋಗ್ರಾಂ ಎಸ್‌ಎಸ್‌ಎಚ್ ಅದನ್ನು ನೋಡಿ ದೊಡ್ಡ ಅಕ್ಷರದಲ್ಲಿ ಬೈದು, ಆ ಕೀಯನ್ನು ಮುಟ್ಟುವುದಿಲ್ಲ ಎನ್ನುತ್ತದೆ. “600 ಇರ್ಬೇಕ್ರೀ! ಓದೋದು, ಬರೆಯೋದು ಮನೆ ಯಜಮಾನನಿಗೆ ಮಾತ್ರ. ಪಕ್ಕದ ಮನೆಯವರು ಇಣುಕೋ ಹಾಗಿರಬಾರದು. ಅಷ್ಟಕ್ಕೂ ಕೀ ಯಾಕೆ ಹೊತ್ಕೊಂಡು ತಿರುಗ್ತೀರಿ? ಹೊಸ ಯಂತ್ರಕ್ಕೆ ಹೊಸ ಕೀ ಮಾಡಿ, ಹಳೇದನ್ನ ಅಕೌಂಟಿಂದ ತೆಗೀರಿ.”

ನಾಲ್ಕು ಗಂಟೆಯ ಕಾಫಿಗೆ ಇತಿಹಾಸದ ಪಾಠ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಹೆಕ್ಕಿದ್ದು. ಅಲ್ಲಿದ್ದ ತಾತು ಯ್ಲೊನೆನ್ ಆ ಉರಿಗೆ ಎಸ್‌ಎಸ್‌ಎಚ್ ಬರೆದದ್ದು. ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿ ಬಿದ್ದಿದ್ದ 22ನೇ ಪೋರ್ಟನ್ನು ಈಮೇಲ್ ಬರೆದು ಕೇಳಿ ಪಡೆದದ್ದು. “ಈಮೇಲಲ್ಲಿ ಕೇಳಿದ್ರು, ಕೊಟ್ರು! ನಮ್ಮಲ್ಲಿ ಖಾತೆ ಮಾಡಿಸೋಕೆ ಹೋಗಿ ನೋಡಿ,” ಎನ್ನುತ್ತಾರೆ ಮೇಷ್ಟ್ರು. 2005ರಲ್ಲಿ ಗಿಟ್ ಬರೆದ ಲಿನಸ್ ಟೊರ್ವಾಲ್ಡ್ಸ್ ಹುಟ್ಟಿದ್ದೂ ಹೆಲ್ಸಿಂಕಿಯಲ್ಲೇ ಎಂಬಲ್ಲಿಗೆ ಕಾಫಿ ಮುಗಿಯುತ್ತದೆ.

ಮೇಷ್ಟ್ರ ಮಾರುಕಟ್ಟೆ ಏರಿದ್ದು 2021ರ ಆಗಸ್ಟ್ 13ರಂದು. ಅಂದಿನಿಂದ ಗಿಟ್ ಕೆಲಸಕ್ಕೆ ಬರೀ ಅಕೌಂಟ್ ಪಾಸ್‌ವರ್ಡ್ ನಡೆಯದು ಎಂದು ಗಿಟ್‌ಹಬ್ ಬಾಗಿಲು ಹಾಕಿತು. ಟೋಕನ್ ತನ್ನಿ, ಇಲ್ಲವೇ ಎಸ್‌ಎಸ್‌ಎಚ್ ಕೀ ತನ್ನಿ ಎಂದಿತು. ಅವರ ನಿಜವಾದ ಹಬ್ಬ ಬಂದದ್ದು ಮಾತ್ರ 2023ರ ಮಾರ್ಚ್ 24ಕ್ಕೆ, ಯುಗಾದಿಯ ಹೋಳಿಗೆ ಇನ್ನೂ ಟಿಫನ್ ಡಬ್ಬಿಯಲ್ಲಿದ್ದಾಗ. ಗಿಟ್‌ಹಬ್‌ನ ಆರ್‌ಎಸ್‌ಎ ಖಾಸಗಿ ಕೀ ಅಲ್ಪಕಾಲ ಸಾರ್ವಜನಿಕ ರೆಪಾಸಿಟರಿಯೊಂದರಲ್ಲಿ ಕಾಣಿಸಿಕೊಂಡಿತ್ತು. ಕಂಪನಿ ಅದನ್ನು ಬದಲಿಸಿತು. ಹಳೆಯ ಆರ್‌ಎಸ್‌ಎ ಗುರುತನ್ನೇ ನಂಬಿಕೊಂಡಿದ್ದ ಯಂತ್ರಗಳೆಲ್ಲ, ಯಾರೋ ನಡುವೆ ನಿಂತು ಕದ್ದು ಕೇಳುತ್ತಿರಬಹುದು ಎಂದು ಕಿರುಚಿಕೊಂಡವು. ಮೇಷ್ಟ್ರು ಅಂದು ಮೇಜಿನಿಂದ ಮೇಜಿಗೆ ಓಡಾಡಿ ಹಳೆಯ ಗುರುತು ಅಳಿಸಿಸಿದರು, ಹೊಸದನ್ನು ಕಂಪನಿ ಪ್ರಕಟಿಸಿದ್ದರ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿಸಿದರು. “ಎಸ್, ನೋ ಅಂತ ಕೇಳಿದ್ರೆ ಕಣ್ಮುಚ್ಚಿ ಎಸ್ ಒತ್ತೋದಾ? ಸಿಲಿಂಡರ್ ತಂದವನನ್ನೂ ಯಾರಪ್ಪ ನೀನು ಅಂತ ಕೇಳಲ್ವೇನ್ರಿ?”

ಆ ಸೋಮವಾರ, ಡಾಟ್ ಪಬ್ ಫೈಲು ಗಿಟ್‌ಹಬ್ ಅಕೌಂಟಿಗೆ ಸೇರಿ ಹಾಸನದ ಹುಡುಗಿಯ ಕೆಲಸ ಮುಗಿಯಿತು. ಕೊನೆಯ ಪರೀಕ್ಷೆಗೆ ‘ಎಸ್‌ಎಸ್‌ಎಚ್ ಹೈಫನ್ ಟಿ’ ಒತ್ತಿದಾಗ ಗಿಟ್‌ಹಬ್ ಅವಳ ಹೆಸರು ಹಿಡಿದು ಹಾಯ್ ಎಂದಿತು. ನಿಮ್ಮ ಗುರುತು ಸಿಕ್ಕಿತು, ಆದರೆ ಶೆಲ್ ಒಳಗೆ ಬಿಡುವುದಿಲ್ಲ ಎಂದಿತು.

“ಸರ್, ಬಯ್ತಾ ಇದೆಯಾ?”

“ಇಲ್ಲಮ್ಮ, ಅದು ಮರ್ಯಾದೆ. ಜಗಲಿ ಮೇಲೆ ಕೂರಿಸಿ ಮಾತಾಡಿಸ್ತಾರೆ, ಅಡುಗೆಮನೆಗೆ ಕರೆಯಲ್ಲ. ಕೋಡ್ ಇಳಿಸ್ಕೋ, ಬರುತ್ತೆ.”

ಬಂತು. ಅಷ್ಟರಲ್ಲಿ ಮೇಷ್ಟ್ರ ಫೋನ್ ರಿಂಗಾಯಿತು. ವಿಜಯನಗರದ ಮನೆಯ ಬಾಗಿಲಲ್ಲಿ ನಿಂತ ಮಗ. ಸಿಗ್ನಲ್ ಸರಿಯಿರಲಿಲ್ಲ, ಮೇಷ್ಟ್ರು ದನಿ ಏರಿಸಲೇಬೇಕಾಯಿತು.

“ಪುಟ್ಟಾ, ಕೀ ಮೀಟರ್ ಬೋರ್ಡ್ ಮೇಲಿದೆ ಕಣೋ! ಮೀಟರ್ ಬೋರ್ಡ್! ಇಲ್ವಾ? ಹಾಗಾದ್ರೆ ಹಾಲಿನವನು ತುಳಸಿ ಕುಂಡದ ಕೆಳಗೆ ಇಟ್ಟಿರ್ತಾನೆ, ನೋಡು!”

ಹುಡುಗಿ ತುಟಿ ಕಚ್ಚಿ ಹಿಡಿದು ಸ್ಕ್ರೀನ್ ನೋಡುತ್ತ ಕೂತಳು. ಮೇಷ್ಟ್ರು ಲೋಟ ಎತ್ತಿಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಮರಳಿದರು. ಅವರ ಮನೆಯ ಕೀ ಎಲ್ಲೆಲ್ಲಿರುತ್ತದೆ ಎಂಬುದು ಇದುವರೆಗೆ ಹಾಲಿನವನು, ಹೂವಿನ ಅಜ್ಜಿ, ಇಸ್ತ್ರಿ ಅಂಗಡಿಯವನು ಮತ್ತು ಮೇಲಿನ ಮನೆಯ ಬಾಡಿಗೆದಾರರಿಗೆ ಗೊತ್ತಿತ್ತು. ಈಗ ಆರನೇ ಮಹಡಿಗೂ ಗೊತ್ತು.