ಬ್ರ್ಯಾಂಡಿಂಗ್ ಭಾವ

ತುಮಕೂರಿನಲ್ಲಿ ನೆಂಟರಿರುವವರಿಗೆಲ್ಲ ಇಂಥ ಒಬ್ಬ ಭಾವ ಇದ್ದೇ ಇರುತ್ತಾರೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಬಿ.ಎಚ್. ರಸ್ತೆಯಲ್ಲಿ ಸ್ಟಾರ್ಟಪ್ ಶುರುಮಾಡಿರುತ್ತಾರೆ. ಏನು ವ್ಯಾಪಾರ ಎಂದು ಕೇಳಬಾರದು, ಯಾವ ಪ್ರಾಣಿ ಎಂದು ಕೇಳಬೇಕು.

ಮೊದಲು ಸಿಕ್ಕಿಬಿದ್ದವರು ಗುಬ್ಬಿಯ ನಮ್ಮ ಚಿಕ್ಕಪ್ಪ. ಅವರ ಕೊಬ್ಬರಿ ಎಣ್ಣೆಯ ಡಬ್ಬಕ್ಕೆ ಭಾವ ಕೂಲಿಂಗ್ ಗ್ಲಾಸ್ ಹಾಕಿದ ಗುಬ್ಬಚ್ಚಿ ಬರೆಸಿಕೊಂಡು ಬಂದರು. "ಊರೇ ಪುಕ್ಕಟೆ ಮ್ಯಾಸ್ಕಾಟ್ ಕೊಟ್ಟಿದೆ ಮಾವ!"

"ಡಬ್ಬದ ಮೇಲೆ ಗುಬ್ಬಿ ಕಂಡ್ರೆ ಒಳಗೆ ನವಣೆ ಇದೆ ಅಂದ್ಕೊಳ್ಳಲ್ವಾ ಅಳಿಯಂದ್ರೇ?"

ಭಾವ ಸೋಲಲಿಲ್ಲ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಹುಡುಗನ ಹಿಂದೆ ಓಡಿದ್ದಷ್ಟೇ, ನೆಟ್‌ವರ್ಕ್ ಮನೆಮಾತಾಗಲಿಲ್ಲವೇ ಎಂದರು. ನಿಜವೇ. ಅದನ್ನು ನೋಡಿ ಆ ಚಪ್ಪಟೆ ಮೂತಿಯ ನಾಯಿ ತಂದು ಸಾಕಿದವರೂ ಬಹಳ. ಬೇಸಿಗೆಯಲ್ಲಿ ಅದರ ಏದುಸಿರಿಗೆ ಫ್ಯಾನ್ ಹಾಕಿಕೊಂಡು ಕೂರಬೇಕು ಎಂಬುದು ಮಾತ್ರ ಜಾಹೀರಾತಿನಲ್ಲಿರಲಿಲ್ಲ.

ಆಮೇಲೆ ಕುಣಿಗಲ್‌ಗೆ ಮುದ್ದೆ-ಸಾರು ತಲುಪಿಸುವ ಆ್ಯಪ್. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಊರು, ರೇಸ್ ಕುದುರೆಗಳ ಫಾರಂಗೆ ಹೆಸರಾದ ಊರು. ಹಾಗಾಗಿ ಚೀಲದ ಮೇಲೆ ನಾಗಾಲೋಟದ ಕುದುರೆ. ಅದನ್ನು ಹೊತ್ತ ಹುಡುಗ ಮಾತ್ರ ಹಳೇ ಮೊಪೆಡ್ಡಿನಲ್ಲಿ ಬರುತ್ತಿದ್ದ. ಬರುವಷ್ಟರಲ್ಲಿ ಮುದ್ದೆ ಕಲ್ಲಾಗಿರುತ್ತಿತ್ತು.

ಪ್ರಾಣಿ ತೋರಿಸಿ ಜನ ಸೇರಿಸುವುದು ಈ ಸೀಮೆಗೆ ಹೊಸದೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ, 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿತ್ತು. ಆನೆ ಒಳಗೆ ಹೋದ ಮೇಲೂ ಅಲ್ಲಿ ನೋಡಲು ನಾಟಕವಿರುತ್ತಿತ್ತು, ಅಷ್ಟೇ ವ್ಯತ್ಯಾಸ. ನಮ್ಮ ಭಾವನವರಲ್ಲಿ ಲೋಗೋ ರೆಡಿ, ಟೀ ಶರ್ಟ್ ರೆಡಿ, ಸ್ಟಿಕ್ಕರ್ ನನ್ನ ಸ್ಕೂಟರಿನ ಮೇಲೂ ಇದೆ. ಸರಕು ಇನ್ನೂ ಬರಬೇಕು.

ಈ ಏಪ್ರಿಲ್‌ನಲ್ಲಿ ಕರಡಿಯ ಸರದಿ. ದೇವರಾಯನದುರ್ಗದ ಕಡೆಯ ಅಪ್ಪಟ ಲೋಕಲ್ ಪ್ರಾಣಿಯಂತೆ. ಟೌನ್‌ಹಾಲ್ ಸರ್ಕಲ್‌ನಲ್ಲಿ, ಮಟಮಟ ಮಧ್ಯಾಹ್ನ, ಕರಡಿ ವೇಷದೊಳಗೆ ಒಬ್ಬ ಹುಡುಗ ಬೇಯುತ್ತಿದ್ದ. ನಿಮಿಷಕ್ಕೊಮ್ಮೆ ತಲೆ ಕಳಚಿ ಕಂಕುಳಲ್ಲಿಟ್ಟುಕೊಂಡು ಕಬ್ಬಿನ ಹಾಲು ಕುಡಿಯುತ್ತಿದ್ದ. ಮಕ್ಕಳು ಹೌಹಾರಿದವು.

ಒಬ್ಬ ಯಜಮಾನರು ಕೊಡೆ ಮಡಚಿ ನಿಂತರು. "ಏನಪ್ಪಾ ಮಾರ್ತಿದೀರಿ?"

ಕರಡಿ ಭಾವನ ಮುಖ ನೋಡಿತು. ಭಾವ ಕೈ ಮುಗಿದು, "ಅದು ಸೆಕೆಂಡ್ ಫೇಸ್‌ನಲ್ಲಿ ಸಾರ್. ಈಗ ಬರೀ ಅವೇರ್‌ನೆಸ್ಸು" ಎಂದರು.

"ಹಂಗಾದ್ರೆ ಕರಡಿಗೆ ದಿನಕ್ಕೆಷ್ಟು ಬಾಡಿಗೆ? ಭಾನುವಾರ ಮೊಮ್ಮಗನ ಬರ್ತ್‌ಡೇ."

ಭಾವನ ಕರಡಿ ಕಂಪನಿಗೆ ಬಂದ ಮೊದಲ ಆರ್ಡರ್ ಅದು. ಅಡ್ವಾನ್ಸ್ ಇನ್ನೂರು ಅಲ್ಲೇ ಇಸಿದುಕೊಂಡರು.