ಅಲೈನ್‌ಮೆಂಟ್ ಮೀಮಾಂಸೆ: ಹರಿಹರ ಪಾಠ

ನೌಕರನ ಮನಸ್ಸನ್ನು ಕಂಪನಿಯ ಗುರಿಯ ಜತೆ ಒಂದೇ ಗೆರೆಗೆ ತರುವ ವಿದ್ಯೆಗೆ ಎಚ್‌ಆರ್ ಆಚಾರ್ಯರು ಅಲೈನ್‌ಮೆಂಟ್ ಎನ್ನುತ್ತಾರೆ. ಇದು ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿತೆಂಬುದು ಸಿದ್ಧಾಂತ. ಸಿದ್ಧಾಂತಿ ನಾನೇ ಆದ್ದರಿಂದ ಪೂರ್ವಪಕ್ಷಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ.

ಮೊದಲ ಆಧಾರ ಹರಿಹರೇಶ್ವರ ದೇವಾಲಯ. 1224ರ ಹೊತ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಳಗಿರುವುದು ಒಂದೇ ವಿಗ್ರಹ, ಬಲಭಾಗ ಹರ, ಎಡಭಾಗ ಹರಿ. ಒಬ್ಬನದು ಕಾಪಾಡುವ ಖಾತೆ, ಇನ್ನೊಬ್ಬನದು ಲಯದ ಖಾತೆ. ಗುರಿಗಳು ಇಷ್ಟು ವಿರುದ್ಧವಾಗಿದ್ದೂ ಎಂಟು ಶತಮಾನ ಜತೆಗೆ ನಿಂತಿದ್ದಾರೆ, ಒಂದು ವರ್ಕ್‌ಶಾಪೂ ನಡೆಯದೆ. ಹೇಗೆಂದರೆ, ಇಬ್ಬರಲ್ಲಿ ಯಾರೂ ತನ್ನ ಅರ್ಧವನ್ನು ಬಿಟ್ಟುಕೊಟ್ಟಿಲ್ಲ. ನೌಕರನು ಕಂಪನಿಯಲ್ಲಿ ಲೀನನಾಗಬೇಕೆಂಬ ಅದ್ವೈತಿ ಮ್ಯಾನೇಜರುಗಳು ಒಮ್ಮೆ ದರ್ಶನಕ್ಕೆ ಬರುವುದು ಒಳ್ಳೆಯದು.

ಎರಡನೆಯ ಆಧಾರ ದಾವಣಗೆರೆಯ ಹತ್ತಿ ಗಿರಣಿಗಳು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಕಾಲದಲ್ಲಿ ಮಿಲ್ಲಿನ ಸೈರನ್ ಕೂಗಿದರೆ ಪಾಳಿಗೆ ಹೊರಟವರ ಚಪ್ಪಲಿ ಮಾತ್ರವಲ್ಲ, ಬೀದಿಯ ಒಲೆಗಳೂ ಎಚ್ಚರಾಗುತ್ತಿದ್ದವು. ಆಚಾರ್ಯರಿಗೆ ಇದಕ್ಕಿಂತ ಸಂಪೂರ್ಣ ಅಲೈನ್‌ಮೆಂಟ್ ಬೇಕೆ? ಆದರೆ ಇದೇ ಊರು ಕಾರ್ಮಿಕ ನಾಯಕ, ಸಿಪಿಐನ ಪಂಪಾಪತಿಯವರನ್ನು 1978, 1983, 1985ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿತು. ಸೈರನ್ನಿಗೆ ಕಾಲು ಹೊಂದಿಕೊಂಡಿತು, ಓಟು ಹೊಂದಿಕೊಳ್ಳಲಿಲ್ಲ. ಶಾಸ್ತ್ರದಲ್ಲಿ ಇದನ್ನು ಆಂಶಿಕ ಅಲೈನ್‌ಮೆಂಟ್ ಎನ್ನತಕ್ಕದ್ದು.

ಇನ್ನು ಮುಖ್ಯ ಪ್ರಕರಣ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ತಯಾರಿಸುತ್ತಿದ್ದದ್ದು ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಹೆರೆಯುವ ಯಂತ್ರ. ಲೇತಿನ ಒಂದು ತುದಿಗೆ ಹೆಡ್‌ಸ್ಟಾಕ್: ಮೋಟರಿನ ಶಕ್ತಿ, ಗೇರು, ಗದ್ದಲ ಎಲ್ಲ ಅಲ್ಲೇ. ಇನ್ನೊಂದು ತುದಿಗೆ ಟೇಲ್‌ಸ್ಟಾಕ್: ತಾನು ತಿರುಗುವುದಿಲ್ಲ, ಕೆಲಸದ ತುಂಡನ್ನು ಸುಮ್ಮನೆ ಎದುರಿನಿಂದ ಹಿಡಿದುಕೊಂಡಿರುತ್ತದೆ. ಯಾವ ತುದಿ ಆಡಳಿತ ಮಂಡಳಿ, ಯಾವ ತುದಿ ನೌಕರ ಎಂದು ಟಿಪ್ಪಣಿ ಬರೆದು ಓದುಗರ ಬುದ್ಧಿಗೆ ಅವಮಾನ ಮಾಡಲಾರೆ.

ಈ ಎರಡು ತುದಿಗಳನ್ನು ಒಂದೇ ಗೆರೆಗೆ ತರುವ ಫಿಟ್ಟರನ ಕ್ರಮ ಹೀಗಿದೆ. ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಬೆಡ್ಡನ್ನು ಮಟ್ಟ ಮಾಡುತ್ತಾನೆ. ಬೆಡ್ ತಿರುಚಿಕೊಂಡಿದ್ದರೆ ಮುಂದಿನ ಅಳತೆಯೆಲ್ಲ ಸುಳ್ಳು. (ಕಂಪನಿಯ ಬೆಡ್ ಎಂದರೆ ಒಂದನೇ ತಾರೀಖಿನ ಸಂಬಳ. ಇದು ನನ್ನ ಸ್ವಂತ ಭಾಷ್ಯ.) ಆಮೇಲೆ ಎರಡೂ ತುದಿಯ ಮೊನೆಗಳಾದ ಸೆಂಟರುಗಳ ನಡುವೆ ಟೆಸ್ಟ್ ಬಾರ್ ಹಿಡಿಸಿ, ಅದರ ಮೇಲೆ ಡಯಲ್ ಗೇಜನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸುತ್ತಾನೆ. ಎರಡೂ ತುದಿಯ ರೀಡಿಂಗ್ ಬರೆದುಕೊಳ್ಳುತ್ತಾನೆ. ಎಚ್‌ಆರ್ ಪದ್ಧತಿಯಲ್ಲಿ ಈ ಡಯಲ್ಲಿಗೆ ಅಪ್ರೈಸಲ್ ಎಂದು ಹೆಸರು, ಅದು ಓಡುವುದು ಟೇಲ್‌ಸ್ಟಾಕಿನ ಮೇಲೆ ಮಾತ್ರ.

ಯಂತ್ರಗಳ ತಪಾಸಣೆಗೆ ಕಟ್ಟಳೆ ಬರೆದ ಬರ್ಲಿನ್ನಿನ ಪ್ರೊಫೆಸರ್ ಶ್ಲೆಸಿಂಗರ್ ಅವರ ಪಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಸೆಂಟರುಗಳು ಒಂದೇ ಎತ್ತರದಲ್ಲಿರಬೇಕು, ವ್ಯತ್ಯಾಸ ಇದ್ದರೆ ಟೇಲ್‌ಸ್ಟಾಕೇ ಮೇಲಿರಬೇಕು, ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು. ಕೆಳಗಿದ್ದರೆ ಯಂತ್ರ ಫೇಲು. ಕಾರಣ ಸರಳ: ಕೆಲಸ ಶುರುವಾದ ಮೇಲೆ ಹೆಡ್‌ಸ್ಟಾಕ್ ಬಿಸಿಯಾಗಿ ಮೇಲೇರುತ್ತದೆ, ಟೇಲ್‌ಸ್ಟಾಕ್ ತಳ ಸವೆದು ಕೆಳಗಿಳಿಯುತ್ತದೆ. ಮುಂದೆ ಏನಾಗುತ್ತದೆಂದು ಗೊತ್ತಿರುವುದರಿಂದಲೇ ಮೊದಲೇ ಎತ್ತರಿಸಿ ಇಡುವುದು. ಮಾರ್ಚ್ ತಿಂಗಳಲ್ಲಿ ಯಾವುದೇ ಕಚೇರಿಯ ಹೆಡ್‌ಸ್ಟಾಕ್ ಎಷ್ಟು ಬಿಸಿಯಾಗುತ್ತದೆಂದು ಬಲ್ಲವರಿಗೆ ಈ ಸೂತ್ರಕ್ಕೆ ಉದಾಹರಣೆ ಬೇಡ. ಆದರೆ ಅಂಥ ಕಚೇರಿಗಳಲ್ಲಿ ಆಗುವ ರಿಪೇರಿಯೇ ಬೇರೆ. ಟೇಲ್‌ಸ್ಟಾಕನ್ನು ಇನ್ನಷ್ಟು ಬಿಗಿ ಮಾಡಿ, ಅದರ ಕೆಳಗೆ ಬೋನಸ್ ಎಂಬ ತಗಡಿನ ಚೂರೊಂದನ್ನು ತೂರಿಸುತ್ತಾರೆ.

ಆಕ್ಷೇಪ ಬರಬಹುದು: ಇಷ್ಟು ಬಲ್ಲ ಕಾರ್ಖಾನೆ ಏಕೆ ಮುಚ್ಚಿತು? ನಿಜ, ಹೊಸ ಶತಮಾನ ಕಾಲಿಡುವಾಗ ಬಾಗಿಲು ಹಾಕಿತು. ಆದರೆ ಕೆಲಸಗಾರರು ಗುರಿಗೆ ಹೊಂದಿಕೊಂಡಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಅವರು ಹೊಂದಿಸಿ ಕಳಿಸಿದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಇಂದಿಗೂ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ, ಹಳೇ ಯಂತ್ರದ ಬಜಾರಿನಲ್ಲಿ ಗಿರಾಕಿಯೂ ಇದ್ದಾರೆ. ಟೇಲ್‌ಸ್ಟಾಕಿನ ಕಡೆ ತಪ್ಪಿರಲಿಲ್ಲ ಎಂಬುದೇ ಈ ಪ್ರಬಂಧದ ತೀರ್ಪು.

ಆದ್ದರಿಂದ ಓದುಗರೇ, ಮುಂದಿನ ಅಲೈನ್‌ಮೆಂಟ್ ಮೀಟಿಂಗಿಗೆ ಕರೆದಾಗ ತಪ್ಪದೆ ಹೋಗಿ. ಬಿಸ್ಕತ್ತು, ಚಹ ಮುಗಿದ ಮೇಲೆ ವಿನಯದಿಂದ ಒಂದೇ ಪ್ರಶ್ನೆ ಕೇಳಿ: ಸಾರ್, ಡಯಲ್ ಗೇಜು ಆ ತುದಿಗೆ ಯಾವಾಗ ಬರುತ್ತದೆ?